ಅತ್ತಿಗೆಯ ಪೆಟ್ಟಿಗೆ

ನಮ್ಮ ಬ್ಯಾಂಡಿನಲ್ಲಿ ಯಾವ ವಿಷಯಕ್ಕೂ ಒಮ್ಮತ ಇರಲಿಲ್ಲ, ಒಂದನ್ನು ಬಿಟ್ಟು. ಅತ್ತಿಗೆಯ ಸ್ಪೀಕರ್ ಪೆಟ್ಟಿಗೆಯನ್ನು ಎಲ್ಲರೂ ಸಮನಾಗಿ ಬೈಯುತ್ತಿದ್ದರು. ಅದನ್ನು ಮಾಡಿದವನು ನನ್ನ ಅಣ್ಣ. ಅವನು ಬಡಗಿ, ಬೀರು ಮಂಚ ಮಾಡುವವನು. ಹೆಂಡತಿಯ ಬೇಸ್ ಗಿಟಾರಿಗೆ ಒಂದು ಸ್ಪೀಕರ್ ಪೆಟ್ಟಿಗೆ ಬೇಕು ಅಂದಾಗ ಅದನ್ನೂ ಮೂರು ತಲೆಮಾರು ಬಾಳುವ ಹಾಗೆ ಮಾಡಿದ. ದಪ್ಪ ಪ್ಲೈವುಡ್ಡು, ಮೂಲೆಗಳಿಗೆ ಕಬ್ಬಿಣದ ಪಟ್ಟಿ, ಒಳಗೆ ಊಟದ ತಟ್ಟೆಗಿಂತ ಅಗಲವಾದ ಸ್ಪೀಕರು. ಹೊರಲು ಇಬ್ಬರು ಬೇಕು, ಶಾಪ ಹಾಕಲು ಮೂರನೆಯವರು. ಯಾವ ಬಾಗಿಲಲ್ಲೂ ಅದು ನೆಟ್ಟಗೆ ಹಿಡಿಸುವುದಿಲ್ಲ, ಓರೆ ಮಾಡಿಯೇ ಎಳೆಯಬೇಕು.

ಬ್ಯಾಂಡು ಅಂದರೆ ದೊಡ್ಡದೇನೂ ಅಲ್ಲ. ಮದುವೆ ಪಾರ್ಟಿ, ಕಂಪನಿಯ ವಾರ್ಷಿಕ ಕೂಟ, ಒಮ್ಮೊಮ್ಮೆ ಯಾವುದಾದರೂ ಹೋಟೆಲಿನ ಟೆರೇಸು. ಡ್ರಮ್ಸ್ ನನ್ನದು. ವಾರವೆಲ್ಲ ಶಾಲೆಯ ವ್ಯಾನ್ ಓಡಿಸುತ್ತೇನೆ, ಶನಿವಾರ ಅದೇ ವ್ಯಾನಿನಲ್ಲಿ ಬ್ಯಾಂಡಿನ ಸಾಮಾನು. ಗಿಟಾರು ಹಲ್ಲಿನ ಡಾಕ್ಟರದು, ಕೀಬೋರ್ಡು ಲೆಕ್ಕದ ಮೇಷ್ಟ್ರದು. ಹಾಡುವವನು ಒಂದು ಬಣ್ಣದ ಅಂಗಡಿಯ ಮಾಲೀಕ. ಕೈಗೆ ಸಿಕ್ಕ ಮೈಕನ್ನು ಬಿಡದ ಅವನಿಗೆ ನಾವು ಮೈಕಾಸುರ ಅಂತ ಹೆಸರಿಟ್ಟಿದ್ದೆವು. ಅದು ಅವನಿಗೂ ಗೊತ್ತು, ಬಿರುದು ಅಂದುಕೊಂಡಿದ್ದ.

ಅತ್ತಿಗೆ ಬ್ಯಾಂಡಿಗೆ ಬಂದದ್ದು ಯಾರೂ ಕರೆದು ಅಲ್ಲ. ಮೊದಲು ಬೇಸ್ ನುಡಿಸುತ್ತಿದ್ದವನಿಗೆ ಕೆಲಸದ ಪಾಳಿ ಬದಲಾಯಿತು, ವಾದ್ಯವನ್ನು ನಮ್ಮಲ್ಲೇ ಬಿಟ್ಟು ಹೋದ. ಬೇಸ್ ಅಂದರೆ ದಪ್ಪ ದನಿಯ ಗಿಟಾರು, ಯಾರಿಗೂ ಬೇಡದ ಕೂಸು, ಎಲ್ಲರಿಗೂ ಮುಂದೆ ನಿಂತು ಮೆರೆಯುವ ವಾದ್ಯವೇ ಬೇಕು. ಟೈರು ಅಂಗಡಿಯ ಮಹಡಿಯ ಮೇಲಿದ್ದ ನಮ್ಮ ಅಭ್ಯಾಸದ ಕೋಣೆಗೆ ಮನೆಯ ಬೀಗದ ಕೈ ಕೊಡಲು ಬಂದ ಅತ್ತಿಗೆ, ಗೋಡೆಗೊರಗಿದ್ದ ಅದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

"ನಾಲ್ಕೇ ತಂತಿನಾ?" ಅಂದರು. "ನಿಮ್ಮಣ್ಣನ್ನ ಸಂಭಾಳಿಸೋದಕ್ಕಿಂತ ಕಷ್ಟ ಇರಲ್ಲ ಬಿಡು."

ಕಷ್ಟವೇ ಇತ್ತು. ಬೆರಳ ತುದಿಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದು, ಕಡೆಗೆ ಚರ್ಮವೇ ಸೋತು ಗಟ್ಟಿಯಾಯಿತು. ಬೇಸಿನ ತಂತಿ ದುಬಾರಿ. ಬೆವರು, ಕೊಳೆ ಕೂತು ದನಿ ಮಂಕಾದರೆ ನಮ್ಮಂಥವರು ಹೊಸದು ಕೊಳ್ಳುವುದಿಲ್ಲ, ತಂತಿ ಬಿಚ್ಚಿ ಕುದಿಯುವ ನೀರಿಗೆ ಹಾಕುತ್ತೇವೆ. ಕೊಳೆ ಬಿಟ್ಟುಕೊಂಡು ದನಿ ಮತ್ತೆ ಚುರುಕಾಗುತ್ತದೆ. ಅತ್ತಿಗೆ ಮೊದಲ ಸಲ ತಂತಿ ಬೇಯಿಸಿದ ದಿನ ನನ್ನ ಅಮ್ಮ ಪಾತ್ರೆಯ ಮುಚ್ಚಳ ತೆಗೆದು ನೋಡಿ ಹೌಹಾರಿದಳು.

"ಇದನ್ನ ಯಾರಿಗೆ ಬಡಿಸ್ತೀಯೇ?"

"ಕುಣಿಯೋರಿಗೆ, ಅತ್ತೆ."

"ಹಾಗಾದ್ರೆ ಚೆನ್ನಾಗಿ ಬೇಯ್ಲಿ," ಅಂದು ಅಮ್ಮ ಮುಚ್ಚಳ ಮುಚ್ಚಿದಳು.

ಮೈಕಾಸುರ ಒಂದು ಕಾರ್ಯಕ್ರಮದಲ್ಲಿ ಅತ್ತಿಗೆಯನ್ನು ಜನರಿಗೆ ಪರಿಚಯಿಸುತ್ತ, ಬೇಸ್ ಅಂದ್ರೆ ಅಡುಗೇಲಿ ಉಪ್ಪಿದ್ದಂಗೆ, ಕಾಣಲ್ಲ ಆದ್ರೆ ಇರ್ಬೇಕು ಅಂದ. ಜನ ಚಪ್ಪಾಳೆ ತಟ್ಟಿದರು. ಕೆಳಗಿಳಿದ ಮೇಲೆ ಅತ್ತಿಗೆ, ಅವನು ಏನಂದ ಅಂತ ನನ್ನಿಂದ ಕೇಳಿ ತಿಳಿದು, ಅವನ ಎದುರು ನಿಂತರು. "ಉಪ್ಪು ಅಂತ ಹೊಗಳಿ ಮೂಲೇಲಿ ನಿಲ್ಲಿಸ್ಬೇಡಿ. ಮುಂದಿನ ಸಲ ಫೋಟೋದಲ್ಲಿ ನನ್ನ ತಲೆ ಪೂರ್ತಿ ಬರ್ಲಿ." ಅಲ್ಲಿಯವರೆಗಿನ ಎಲ್ಲ ಫೋಟೋಗಳಲ್ಲೂ ಅವರ ತಲೆ ಅರ್ಧಕ್ಕೆ ಕತ್ತರಿಸಿಹೋಗಿದ್ದನ್ನು ನಾನೂ ಆಗಲೇ ಗಮನಿಸಿದ್ದು.

ಅವರ ಹೊಟ್ಟೆಪಾಡು ಡಬ್ಬಿ ಮುಚ್ಚಳದ ಕಾರ್ಖಾನೆ. ತಗಡಿನ ಹಾಳೆಯನ್ನು ಯಂತ್ರದ ಕೆಳಗೆ ಸರಿಸಬೇಕು, ಧಡ್ ಅಂದರೆ ಒಂದು ಮುಚ್ಚಳ. ಮದುವೆಗೆ ಮುಂಚಿನಿಂದಲೂ ಅದೇ ಕೆಲಸ. ಆ ಶೆಡ್ಡಿನಲ್ಲಿ ಮಾತು ಅಂದರೆ ತುಟಿ ಮತ್ತು ಕೈ, ದನಿಗೆ ಅಲ್ಲಿ ಬೆಲೆಯಿಲ್ಲ. ಕಿವಿಗೆ ಹತ್ತಿ ಇಟ್ಕೊಳ್ಳಿ ಅನ್ನುತ್ತಿದ್ದ ಸೂಪರ್‌ವೈಸರು. ಒಂದು ದಿನ ಅತ್ತಿಗೆ ಯಂತ್ರ ನಿಲ್ಲಿಸಿ, ಎಲ್ಲರಿಗೂ ಕಿವಿ ಮುಚ್ಚುವ ಕವಚ ಬರುವ ತನಕ ಮುಟ್ಟುವುದಿಲ್ಲ ಅಂತ ಕೈಕಟ್ಟಿ ಕೂತರು. ಕೆಲಸ ಹೋಗುತ್ತೆ ನೋಡು ಅಂದನಂತೆ ಅವನು. "ಕಿವಿ ಆಗ್ಲೇ ಹೋಗಿದೆ, ಅದಕ್ಕೂ ಒಂದು ಜೊತೆ ಬೇಕಲ್ಲ" ಅಂದರಂತೆ ಇವರು. ಪಕ್ಕದ ಹೆಂಗಸರೂ ಕೈಕಟ್ಟಿದರು. ಕವಚ ಬಂತು, ಆದರೆ ಅತ್ತಿಗೆಯ ಪಾಲಿಗೆ ತಡವಾಗಿ ಬಂತು. ತೆಳು ದನಿಗಳೆಲ್ಲ ಹೋಗಿಬಿಟ್ಟಿದ್ದವು. ಬಾಗಿಲ ಗಂಟೆ ಹೋಯಿತು, ಹಕ್ಕಿಯ ದನಿ ಹೋಯಿತು, ಮನುಷ್ಯರ ಮಾತು ಮುಕ್ಕಾಲು ಪಾಲು ಬರೀ ಗುಜುಗುಜು. ದಪ್ಪ ದನಿಗಳು ಮಾತ್ರ ಇದ್ದ ಹಾಗೇ ಇದ್ದವು.

ಇದು ಮನೆಯವರಿಗಷ್ಟೇ ಗೊತ್ತಿತ್ತು. ಬ್ಯಾಂಡಿನವರಿಗೆ ಹೇಳುವ ಪ್ರಮೇಯವೇ ಬಂದಿರಲಿಲ್ಲ, ಯಾಕೆಂದರೆ ಮಾತನ್ನು ಅವರು ಎದುರಿಗಿದ್ದವರ ತುಟಿ ನೋಡಿಯೇ ಹಿಡಿಯುತ್ತಿದ್ದರು, ನುಡಿಸಲು ಪೆಟ್ಟಿಗೆ ಇತ್ತು. ಅದಕ್ಕೆ ಬೆನ್ನು ಕೊಟ್ಟು ನಿಂತರೆ ತಾವು ನುಡಿಸಿದ ಒಂದೊಂದು ಸ್ವರವೂ ಅವರಿಗೆ ಕಿವಿಯಲ್ಲಿ, ಸೊಂಟದಲ್ಲಿ, ಮೊಣಕಾಲಿನಲ್ಲಿ ಸ್ಪಷ್ಟವಾಗಿ ಸಿಗುತ್ತಿತ್ತು. ದಣಿದು ಬಂದ ಮೇಲೂ ಇದೆಲ್ಲ ಯಾಕೆ ಅಂತ ನಾನೊಮ್ಮೆ ಕೇಳಿದ್ದಕ್ಕೆ ಹೇಳಿದ್ದರು: "ವಾರ ಪೂರ್ತಿ ಮಿಷನ್ ಹೇಳ್ದಂಗೆ ನಾನು ಕೇಳ್ತೀನಿ ಕಣೋ. ಶನಿವಾರ ಒಂದಿನ ನಾನು ಹೇಳ್ದಂಗೆ ನೆಲ ಕೇಳ್ಲಿ."

ಹೀಗಿರುವಾಗ ಮೈಕಾಸುರನಿಗೆ ಹೊಸ ಹುಚ್ಚು ಹಿಡಿಯಿತು. ವೇದಿಕೆಯ ಮೇಲೆ ಒಂದು ಪೆಟ್ಟಿಗೆಯೂ ಇರಬಾರದು, ಎಲ್ಲ ವಾದ್ಯವೂ ನೇರವಾಗಿ ಸಭಾಂಗಣದ ದೊಡ್ಡ ಸ್ಪೀಕರಿಗೇ ಹೋಗಬೇಕು, ನಮಗೆ ನಮ್ಮ ದನಿ ಕೇಳಲು ಕಿವಿಯೊಳಗೆ ಒಂದೊಂದು ಪುಟ್ಟ ಇಯರ್‌ಫೋನ್. ಹೊರುವ ಗೋಳಿಲ್ಲ, ಹೋಟೆಲಿನವರ ಗೊಣಗಾಟವಿಲ್ಲ. ಸುಳ್ಳೇಕೆ, ನನ್ನ ಸೊಂಟಕ್ಕೂ ಖುಷಿಯಾಯಿತು. ಅತ್ತಿಗೆ ಬೇಡವೇ ಬೇಡ ಅಂದರು. ಒಂದು ಸಲ ನೋಡೋಣ ಅಂತ ಎಲ್ಲರೂ ಮೇಲೆ ಬಿದ್ದು ಒಪ್ಪಿಸಿದೆವು. ಪೆಟ್ಟಿಗೆ ಮನೆಯಲ್ಲೇ ಉಳಿಯಿತು, ಅಮ್ಮ ಅದರ ಮೇಲೆ ಇಸ್ತ್ರಿ ಬಟ್ಟೆ ಜೋಡಿಸಿದಳು.

ಮುಂದಿನ ಮದುವೆ ಪಾರ್ಟಿಯಲ್ಲಿ ಮೈಕಾಸುರನ ಗಂಟಲು ಕಟ್ಟಿತ್ತು. ಮೂರನೆಯ ಹಾಡಿಗೆ ಮುಂಚೆ, ನಮ್ಮ ಕಿವಿಗಳಿಗಷ್ಟೇ ಕೇಳುವ ಮೈಕಿನಲ್ಲಿ, "ಶ್ರುತಿ ಒಂದು ಮನೆ ಇಳಿಸಿ" ಅಂದ. ಮನೆ ಅಂದರೆ ಗಿಟಾರಿನ ಕತ್ತಿನ ಮೇಲೆ ಎರಡು ಪಟ್ಟಿಗಳ ನಡುವಿನ ಜಾಗ, ಅರ್ಧ ಸ್ವರದಷ್ಟು. ಡಾಕ್ಟರು ಇಳಿಸಿದರು, ಮೇಷ್ಟ್ರು ಇಳಿಸಿದರು. ಅತ್ತಿಗೆಯ ಕಿವಿಗೆ ಬಿದ್ದದ್ದು ಗುಜುಗುಜು. ಅವರು ಹಳೆಯ ಮನೆಯಲ್ಲೇ ಶುರು ಮಾಡಿದರು. ಒಂದೇ ಒಂದು ಮನೆಯ ವ್ಯತ್ಯಾಸ ಇದೆಯಲ್ಲ, ಅದಕ್ಕಿಂತ ಕೆಟ್ಟ ಅಪಸ್ವರ ಇನ್ನಿಲ್ಲ. ಪೆಟ್ಟಿಗೆ ಇದ್ದಿದ್ದರೆ ತಮ್ಮ ಸ್ವರ ಕೀಬೋರ್ಡಿನ ದಪ್ಪ ಸ್ವರಕ್ಕೆ ಕೂಡದ್ದು ಮೊದಲ ಏಟಿಗೇ ಗೊತ್ತಾಗಿ ಬೆರಳು ಸರಿಸುತ್ತಿದ್ದರು. ಆ ಪುಟ್ಟ ಇಯರ್‌ಫೋನಿನಲ್ಲಿ ದಪ್ಪ ದನಿಯೇ ಬರುವುದಿಲ್ಲ, ತಮ್ಮ ವಾದ್ಯ ತಮಗೇ ಕೇಳದೆ ಅವರು ಪಲ್ಲವಿ, ಚರಣ ಎರಡನ್ನೂ ಮುಗುಳ್ನಗುತ್ತ ನುಡಿಸಿದರು. ಮದುಮಗ ಕಿವಿ ಮುಚ್ಚಿಕೊಂಡಿದ್ದು ನನಗೆ ಕಂಡಿತು. ಅವರಿಗೂ ಕಂಡಿತು, ಕೈ ಅಲ್ಲಿಗೇ ನಿಂತಿತು.

ಮಾರನೆಯ ಸಂಜೆ ಟೈರು ಅಂಗಡಿಯ ಮೇಲೆ ಎಲ್ಲರೂ ಸೇರಿದೆವು. ಕೂತು ಮಾತಾಡಲು ಮೈಕಾಸುರನಿಗೆ ಅಲ್ಲೂ ಮೈಕು ಬೇಕು.

"ಅಕ್ಕ, ನೀವು ಸ್ವಲ್ಪ ದಿನ ರೆಸ್ಟ್ ತಗೊಳ್ಳಿ..."

"ಮೈಕು ಕೆಳಗಿಡಿ," ಅಂದರು ಅತ್ತಿಗೆ. "ನಿಮ್ಮ ತುಟಿ ಕಾಣ್ತಿಲ್ಲ. ನನ್ನನ್ನ ತೆಗೆಯೋದಾದ್ರೆ ಮುಖ ತೋರಿಸಿ ತೆಗೀರಿ."

ಅವನು ಮೈಕು ಇಟ್ಟ. ಆಮೇಲೆ ಅತ್ತಿಗೆ ಕಾರ್ಖಾನೆಯ ಕಥೆ, ಕಿವಿಯ ಕಥೆ ಎಲ್ಲ ಹೇಳಿದರು, ಪಾಲಿಗೆ ಬಂದ ಆಸ್ತಿಯ ವಿವರ ಹೇಳುವಷ್ಟು ನೆಟ್ಟಗೆ. ಕ್ಷಮೆ ಕೇಳಲಿಲ್ಲ. ಕೇಳಬೇಕಾಗಿದ್ದವರು ಅವರಲ್ಲ.

"ಕಿವಿ ಕೇಳದೋರು ಬ್ಯಾಂಡಲ್ಲಿ ಹೆಂಗಕ್ಕ?" ಅಂದ ಮೈಕಾಸುರ. "ಜನ ನಗ್ತಾರೆ."

"ಹೋಗಿರೋದು ತೆಳು ದನಿ. ದಪ್ಪ ದನಿ ಗಟ್ಟಿಯಾಗಿದೆ. ನನ್ನನ್ನ ಇಟ್ಕೊಂಡಿರೋದು ದಪ್ಪ ದನಿಗೆ ತಾನೆ? ಪೆಟ್ಟಿಗೆ ವಾಪಸ್ ತರ್ತೀನಿ. ಶ್ರುತಿ ಬದಲಾಯಿಸೋದಿದ್ರೆ ಬೆರಳು ತೋರಿಸಿ. ನಾನು ಕೇಳೋದು ಇಷ್ಟೇ."

ಮೇಷ್ಟ್ರು ಹಿಂಜರಿಯುತ್ತ, ಕೀಬೋರ್ಡಿನಲ್ಲಿ ಎಡಗೈಯಿಂದ ಬೇಸ್ ತಾನೇ ನುಡಿಸಬಹುದು, ಬೇಕಿದ್ದರೆ, ಅಂದರು. "ಮೇಷ್ಟ್ರೇ, ನಿಮ್ಮ ಎಡಗೈ ನಿಮ್ಮ ಬಲಗೈ ಮಾತೇ ಕೇಳಲ್ಲ" ಅಂದರು ಅತ್ತಿಗೆ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನನಗೆ ಮಾತ್ರ ಮೈ ಉರಿದುಹೋಗಿತ್ತು. ಅತ್ತಿಗೆ ಇಲ್ಲದೆ ನನ್ನ ವ್ಯಾನ್ ಹೊರಡಲ್ಲ ಅಂತ ಎದ್ದು ನಿಂತೆ.

"ನೀನು ಸುಮ್ನಿರೋ ಗುಂಡ. ನನ್ನ ಜಗಳ ನನಗೆ ಬಿಡು," ಅಂದರು ಅತ್ತಿಗೆ. ಮತ್ತೆ ಅವರ ಕಡೆ ತಿರುಗಿ, "ಶನಿವಾರ ಬರ್ತೀನಿ" ಅಂದು ಮೆಟ್ಟಿಲಿಳಿದು ಹೋದರು. ಬನ್ನಿ ಅಂತಲೂ ಯಾರೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಶನಿವಾರದ್ದು ಒಂದು ಲಾರಿ ಕಂಪನಿಯ ವಾರ್ಷಿಕ ಕೂಟ. ಚಾಲಕರು, ಹಮಾಲರು, ಗುಮಾಸ್ತರು, ಅವರ ಸಂಸಾರಗಳು. ಸಭಾಂಗಣ ಮೂರನೆಯ ಮಹಡಿಯಲ್ಲಿ. ಲಿಫ್ಟಿನ ಕಾವಲಿನವನು ಪೆಟ್ಟಿಗೆ ನೋಡಿದ್ದೇ, ಇದು ಮನುಷ್ಯರ ಲಿಫ್ಟು ಅಂದ. ಅಣ್ಣ ಮುಂದೆ ಹಿಡಿದ, ನಾನೂ ಅತ್ತಿಗೆಯೂ ಹಿಂದೆ. ಎರಡನೆಯ ಮಹಡಿಯ ತಿರುವಿನಲ್ಲಿ ಅಣ್ಣ ಉಸಿರು ಬಿಡುತ್ತ, "ಸ್ವಲ್ಪ ತೆಳು ಪ್ಲೈವುಡ್ ಹಾಕ್ಬೋದಿತ್ತು" ಅಂದ.

"ಈಗ ಹೇಳಿ!" ಅಂದರು ಅತ್ತಿಗೆ. ಮೂವರಿಗೂ ನಗು ಬಂದು ಪೆಟ್ಟಿಗೆ ಒಂದು ಮೆಟ್ಟಿಲು ಕೆಳಗೆ ಜಾರಿತು.

ಪೆಟ್ಟಿಗೆ ವೇದಿಕೆ ಹತ್ತಿದ್ದನ್ನು ನೋಡಿ ಮೈಕಾಸುರನ ಮುಖ ಕೆಂಪಾಯಿತು. ಜನ ಆಗಲೇ ಕುರ್ಚಿ ಹಿಡಿಯುತ್ತಿದ್ದರು. ಅವನು ಅತ್ತಿಗೆಯ ಎದುರು ಬಂದು, ಈ ಸಲ ಮೈಕಿಲ್ಲದೆ, ಒಂದೊಂದು ಪದವನ್ನೂ ಬಿಡಿಸಿ ಹೇಳಿದ: "ಇಲ್ಲಿ ಇದಿರ್ಬೇಕು, ಇಲ್ಲಾ ನಾನಿರ್ಬೇಕು. ಯಾವುದು ಹೇಳಿ."

"ಇದು," ಅಂದರು ಅತ್ತಿಗೆ. ಯೋಚಿಸಲೂ ಇಲ್ಲ.

ಅವನು ನಮ್ಮ ಕಡೆ ನೋಡಿದ. ಡಾಕ್ಟರು ಕಿವಿಯಿಂದ ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಕೊಂಡರು. "ಸೊಳ್ಳೆ ಹೊಕ್ಕಂಗಿತ್ತು" ಅಂದರು. ಮೇಷ್ಟ್ರು ಬಾಗಿಲು ನೋಡಿದರು, ಅತ್ತಿಗೆಯನ್ನು ನೋಡಿದರು, ಕೊನೆಗೆ ಕುರ್ಚಿ ಎಳೆದುಕೊಂಡು ಕೂತರು. ಮೈಕಾಸುರ ನಡೆದ. ಯಾರಾದರೂ ಕರೆಯುತ್ತಾರೆ ಅಂತ ಬಹಳ ನಿಧಾನವಾಗಿ ನಡೆದ. ಯಾರೂ ಕರೆಯಲಿಲ್ಲ.

ಪೌರುಷವೇನೋ ಸರಿ. ಎದುರಿಗೆ ಸಭಾಂಗಣ ತುಂಬ ಜನ, ಮಧ್ಯದಲ್ಲಿ ಒಂಟಿ ಮೈಕು, ಹಾಡುವವರೇ ಇಲ್ಲ. ಇಲ್ಲಿ ನಗೆಪಾಟಲಾದರೆ ನಾಳೆಯಿಂದ ಕಿವುಡಿಯಿಂದ ಕೆಟ್ಟ ಬ್ಯಾಂಡು ಅಂತ ಮೈಕಾಸುರನ ಬಣ್ಣದ ಅಂಗಡಿಯಲ್ಲಿ ಬಂದವರಿಗೆಲ್ಲ ಕಥೆ. ಅತ್ತಿಗೆ ಮತ್ತೆಂದೂ ಯಾವ ವೇದಿಕೆಯನ್ನೂ ಹತ್ತುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತು, ನನ್ನ ಕಡೆ ತಿರುಗಿದರು.

"ಶುರು ಮಾಡು."

"ಯಾರು ಹಾಡ್ತಾರೆ ಅತ್ತಿಗೆ?" ಅಂತ ತುಟಿ ಆಡಿಸಿದೆ.

"ಯಾಕೆ, ಅವರಿಗೆಲ್ಲ ಹಾಡು ಗೊತ್ತಿಲ್ವಾ?"

ಎಲ್ಲರೂ ಬಲ್ಲ ಒಂದು ಕುಣಿತದ ಹಾಡು ಎತ್ತಿಕೊಂಡೆವು. ಅತ್ತಿಗೆಯ ಮೊದಲ ಸ್ವರ ನೆಲದೊಳಗಿಂದ ಬಂದು ನನ್ನ ಸ್ಟೂಲಿಗೆ ಬಡಿಯಿತು. ಜನ ಸುಮ್ಮನೆ ನೋಡಿದರು. ಪಲ್ಲವಿಯ ಜಾಗ ಬಂತು, ಖಾಲಿ ಹೋಯಿತು. ಮತ್ತೆ ಬಂತು, ಮತ್ತೆ ಖಾಲಿ. ಅತ್ತಿಗೆ ಬಿಡಲಿಲ್ಲ, ಅದೇ ನಾಲ್ಕು ಸ್ವರವನ್ನು ಇನ್ನಷ್ಟು ಒತ್ತಿ ನುಡಿಸಿದರು, ಬರ್ತೀರೋ ಇಲ್ವೋ ಅಂತ ಗದರಿಸುವ ಹಾಗೆ. ಮೂರನೆಯ ಸಲಕ್ಕೆ ಹಿಂದಿನ ಸಾಲಿನಿಂದ ಒಬ್ಬ ಹಮಾಲ, ಲಾರಿಯ ಹಿಂದೆ ನಿಂತು ರೈಟ್ ರೈಟ್ ಅಂದು ಪಳಗಿದ ಗಂಟಲಲ್ಲಿ, ಪಲ್ಲವಿ ಎತ್ತಿದ. ಅವನ ಮಗ್ಗುಲಿನವರು ಸೇರಿದರು. ಒಬ್ಬಳು ಮುದುಕಿ ಕುರ್ಚಿ ತಟ್ಟಿದಳು. ಚರಣಕ್ಕೆ ಬರುವಷ್ಟರಲ್ಲಿ ಇಡೀ ಸಭಾಂಗಣ ಎದ್ದು ನಿಂತು ಅರಚುತ್ತಿತ್ತು. ಅರ್ಧ ಜನರ ಶ್ರುತಿ ಎಲ್ಲೆಲ್ಲೋ ಇತ್ತು, ಯಾರಿಗೆ ಬೇಕಿತ್ತು.

ಅತ್ತಿಗೆ ಆ ಬಾಯಿಗಳನ್ನೇ ನೋಡುತ್ತಿದ್ದರು. ನುಡಿಸುತ್ತಲೇ ಹಿಂದೆ ಸರಿದು ನನ್ನ ಪಕ್ಕಕ್ಕೆ ಬಂದು ಬಗ್ಗಿದರು.

"ನಿಜವಾಗ್ಲೂ ಹಾಡ್ತಿದ್ದಾರಾ?"

ಹೌದು ಅಂತ ತಲೆ ಆಡಿಸಿದೆ. ನನ್ನ ಕಣ್ಣು ಮಂಜಾಗಿತ್ತು.

"ಜೋರಾಗಾ?"

ಮತ್ತೆ ತಲೆ ಆಡಿಸಿದೆ.

"ಹಾಗಾದ್ರೆ ನಿಲ್ಲಿಸ್ಬೇಡ," ಅಂದರು.