ಮಡಿವಾಳ ಹಕ್ಕಿ ನಿಂತ ದಿನ

ಮೊದಲೇ ಹೇಳಿಬಿಡುತ್ತೇನೆ: ಅಮಲ್ದಾರರು ಕೇಳಿದ ಹಕ್ಕಿಯ ಫೋಟೊ ಮೊದಲ ಸಲ ಕೆಟ್ಟದ್ದು ಗಾಳಿಯಿಂದಲ್ಲ, ಮೋಡದಿಂದಲ್ಲ, ನನ್ನ ಬಾಯಿಯಿಂದ.

1938ರ ಬೇಸಿಗೆ. ಶಿರಾದಲ್ಲಿ ಖಾದರ್ ಸಾಹೇಬರ ಸ್ಟುಡಿಯೋಕ್ಕೆ ನಾನು ಅಸಿಸ್ಟೆಂಟ್. ಅಂದರೆ ಕತ್ತಲೆ ಕೋಣೆಯಲ್ಲಿ ಚಿತ್ರ ಮೂಡುವಂತೆ ಗಾಜಿನ ಪ್ಲೇಟು ತೊಳೆಯುವುದು, ಫೋಟೊಕ್ಕೆ ಬಂದ ಮದುಮಗನಿಗೆ ಬಾಚಣಿಗೆ ಕೊಡುವುದು. ಬಿಡುವಾದಾಗ ಎಲ್ಲರನ್ನೂ ಅಣಕಿಸುತ್ತಿದ್ದೆ. ಪಿಕಳಾರ, ಕೋಗಿಲೆ, ಸಾಹೇಬರ ಕೆಮ್ಮು, ಯಾವುದನ್ನೂ ಬಿಟ್ಟವನಲ್ಲ.

ಮಧುಗಿರಿಯ ಅಮಲ್ದಾರರಿಗೆ ಮಡಿವಾಳ ಹಕ್ಕಿ ಹಾಡುತ್ತಿರುವ ಫೋಟೊ ಬೇಕಾಯಿತು. ಸಾಹೇಬರಿಗೆ ಮಂಡಿನೋವು. ಹಕ್ಕಿಯನ್ನು ಕರೆದು ನಿಲ್ಲಿಸುತ್ತೇನೆ, ನನ್ನನ್ನು ಕಳಿಸಿ ಎಂದು ಜಂಬ ಕೊಚ್ಚಿದೆ.

"ತಂದ್ರೆ ಇನ್ಮೇಲೆ ಹೊರಗಿನ ಫೋಟೊ ಎಲ್ಲಾ ನಿಂದು ಬೇಟಾ. ಇಲ್ದಿದ್ರೆ ಗಡ್ಡ ಬೆಳ್ಳಗಾಗೋವರ್ಗೂ ಪ್ಲೇಟು ತೊಳೀತಾ ಇರು," ಎಂದರು.

ಮಧುಗಿರಿ ಬೆಟ್ಟದ ಕೆಳಗೆ ಹೂ ಮಾರುವ ತಿಮ್ಮಕ್ಕನ ತೋಟ. ನುಗ್ಗೆಮರದ ತುದಿಯಲ್ಲಿ ಕಪ್ಪು ಬಿಳುಪಿನ ಒಂದು ಗಂಡು ಮಡಿವಾಳ ದಿನಾ ಹಾಡುತ್ತಿತ್ತು. ನಾನು ಮಲ್ಲಿಗೆ ಪೊದೆಯಲ್ಲಿ ಕ್ಯಾಮೆರಾ ಹೂಡಿ ಅದರ ಹಾಗೆಯೇ ಸಿಳ್ಳು ಹಾಕಿದೆ. ಬಂದೇ ಬಂತು. ನಮ್ಮ ಹಳೆಯ ಕ್ಯಾಮೆರಾಕ್ಕೆ ಬೆಳಕು ಹಿಡಿಯಲು ಅರೆಗಳಿಗೆ ಬೇಕು; ಅಷ್ಟು ಹೊತ್ತು ಎದುರಿಗಿದ್ದವರು ಅಲುಗಬಾರದು. ಈ ಹಕ್ಕಿಯೋ ಬೇಲಿಗೆ, ಬೇಲಿಯಿಂದ ಕಟ್ಟೆಗೆ, ಕಟ್ಟೆಯಿಂದ ನನ್ನ ತಲೆಯ ಮೇಲೆ. ಮಧ್ಯಾಹ್ನದ ಬಿಸಿಲಿಗೆ ಕ್ಯಾಮೆರಾದ ಗಾಜಿನಲ್ಲಿ ರೆಕ್ಕೆಯ ಬಿಳುಪು ಸುಟ್ಟಂತೆ ಕಂಡಿತು, ಮೋಡ ಕವಿದಾಗ ಮೈಯೆಲ್ಲ ಮಸಿ.

"ಏನ್ಲಾ, ನನ್ ಹೂವೆಲ್ಲ ತುಳ್ದು ಅದ್ರ ಜೊತೆ ಜಗ್ಳ ಆಡ್ತಿದ್ದೀಯ?" ಎಂದಳು ತಿಮ್ಮಕ್ಕ. ಅವಳ ದನಿಯಲ್ಲೇ ಅದನ್ನು ತಿರುಗಿಸಿ ಹೇಳಿದೆ. ಹೂಬುಟ್ಟಿ ಎತ್ತಿದಳು, ಓಡಿದೆ.

ಶಿರಾಕ್ಕೆ ಬಂದು ಪ್ಲೇಟು ತೊಳೆದಾಗ ಎಲ್ಲದರಲ್ಲೂ ಹೊಗೆಯಂಥ ಗೆರೆ. ಗಾಳಿ ಜಾಸ್ತಿ ಸಾಹೇಬರೇ ಎಂದೆ. ಅವರು ಪ್ಲೇಟನ್ನು ಬೆಳಕಿಗೆ ಹಿಡಿದರು.

"ಕೊಂಬೆ ನಿಂತೈತೆ, ಎಲೆ ನಿಂತೈತೆ, ಹಕ್ಕಿ ಒಂದೇ ಓಡ್ತಾ ಐತೆ. ಇದು ಯಾವೂರ ಗಾಳಿ ಬೇಟಾ?"

ಅವರು ಹೋದ ಮೇಲೆ ನಾನೂ ನೋಡಿದೆ. ಮಸುಕಿನಲ್ಲೂ ಒಂದು ಸಂಗತಿ ತಿಳಿಯುತ್ತಿತ್ತು: ಪ್ರತಿ ಪ್ಲೇಟಿನಲ್ಲೂ ಬಾಲ ನೆಟ್ಟಗೆ, ಕೊಕ್ಕು ನಾನಿದ್ದ ಪೊದೆಯ ಕಡೆಗೆ. ನಾನು ಕರೆದೆ ಎಂದುಕೊಂಡಿದ್ದೆ. ನನ್ನ ಸಿಳ್ಳು ಕೇಳಿ, ತೋಟ ಕಿತ್ತುಕೊಳ್ಳಲು ಇನ್ನೊಂದು ಗಂಡು ಬಂದಿದೆ ಎಂದು ಅದು ತಿಳಿದುಕೊಂಡಿತ್ತು. ನನ್ನ ಅಣಕ ಅಷ್ಟು ಚೆನ್ನಾಗಿತ್ತು ಎಂದು ಈಗಲೂ ಹೆಮ್ಮೆಯೇ; ಆದರೆ ಗೋಡೆಗೆ ತೂಗುಹಾಕಲು ಅದು ಬರುವುದಿಲ್ಲವಲ್ಲ.

ಇನ್ನೊಂದು ಸಲ ಕಳಿಸಿ ಎಂದು ಸಾಹೇಬರನ್ನು ಕಾಡಿ ಬೇಡಿ ಮತ್ತೆ ಮಧುಗಿರಿಗೆ, ತಿಮ್ಮಕ್ಕನ ತೋಟಕ್ಕೇ ಹೋದೆ; ಹೂ ತುಳಿಯಬೇಡ ಎಂದು ಗದರಿ ಒಳಗೆ ಬಿಟ್ಟಳು. ಮಳೆ ಹಿಡಿದಿತ್ತು. ಕ್ಯಾಮೆರಾಕ್ಕೊಂದು, ನನಗೊಂದು ಗೋಣಿ ಕೊಪ್ಪೆ ಹಾಕಿ ಕೂತೆ. ಮಳೆ ನಿಂತಿತು. ಮೋಡ ಸರಿದು ಮೆತ್ತನೆಯ ಬೆಳಕು ಬಿತ್ತು. ಹಕ್ಕಿ ನುಗ್ಗೆಯ ತುದಿಗೆ ಬಂದು ಮೈ ಒದರಿತು, ಗರಿ ಉಬ್ಬಿಸಿ ಕೂತಿತು, ಆಮೇಲೆ ಹಾಡಲು ಶುರುಮಾಡಿತು. ನನ್ನ ನಾಲಿಗೆ ತುರಿಸಿತು. ಕೊಪ್ಪೆಯ ಅಂಚನ್ನೇ ಬಾಯಿಗೆ ತುರುಕಿಕೊಂಡು ಶಟರ್ ಒತ್ತಿದೆ.

ಪ್ಲೇಟು ತೊಳೆದು ತೆಗೆದಾಗ ಸಾಹೇಬರು ಅದನ್ನು ಬೆಳಕಿಗೆ ಹಿಡಿದರು. ತೆರೆದ ಕೊಕ್ಕು, ಎದೆಯ ಒಂದೊಂದು ಗರಿ, ಕೊಂಬೆಯ ಕೆಳಗೆ ತೂಗುವ ನೀರಿನ ಹನಿ. ಹೊರಗಿನ ಫೋಟೊಕ್ಕೆಂದು ಇಟ್ಟಿದ್ದ ಕ್ಯಾಮೆರಾದ ಚೀಲವನ್ನು ನನ್ನ ಹೆಗಲಿಗೆ ಹಾಕಿದರು. ಆಮೇಲೆ ಪಾವಗಡ, ಕೊರಟಗೆರೆ ಎಲ್ಲ ಸುತ್ತಿ ಎಷ್ಟೋ ಹಕ್ಕಿಗಳನ್ನು ತೆಗೆದಿದ್ದೇನೆ. ಕಾಯುವುದೂ ಕಸುಬೇ ಎಂದು ಕಲಿಸಿದ್ದು ಮಾತ್ರ ಆ ಒಂದು ಪ್ಲೇಟು.

ಆ ಹಕ್ಕಿಯ ಫೋಟೊ ಕೊಡಲು ಹೋದ ದಿನ ತಿಮ್ಮಕ್ಕ ಪೂಜೆಯ ಹೂ ಕೊಡಲು ಅಮಲ್ದಾರರ ಜಗಲಿಗೆ ಬಂದಿದ್ದಳು. "ಹೇಗಯ್ಯಾ ನಿಲ್ಲಿಸಿದೆ ಇದನ್ನ?" ಎಂದು ಅಮಲ್ದಾರರು ಬೆರಗಾದರು. ನಾನು ಅಂಗಿ ಸರಿಮಾಡಿಕೊಂಡು, "ನನ್ನ ಕೂಗು ಕೇಳಿದರೆ ಸಾಕು ಸ್ವಾಮಿ, ಎಂಥ ಹಕ್ಕಿಯಾದರೂ..." ಎಂದು ಶುರುಮಾಡಿದ್ದೆ.

ತಿಮ್ಮಕ್ಕ ಹೂ ಅಳೆಯುತ್ತಲೇ ಅಂದಳು: "ಎಲ್ಲಿ ಕೂಗ್ದ ಬುದ್ಧೀ, ಬಾಯ್ಗೆ ಗೋಣಿ ತುರುಕ್ಕಂಡು ಕುಂತಿದ್ದ. ಅವತ್ತೇ ಅದು ನೆಮ್ದಿಯಾಗಿ ಹಾಡಿದ್ದು."