ಭಾನುವಾರದ ಊರು
ನಿವೃತ್ತ ಡ್ರಾಯಿಂಗ್ ಮೇಷ್ಟ್ರ ನಡುಮನೆಯಲ್ಲಿ ಒಂದು ಊರಿದೆ. ರಟ್ಟು, ಬೆಂಕಿಪೊಟ್ಟಣ, ಅಂಟಿನಿಂದ ಕಟ್ಟಿದ ಆ ಊರು ಬೆಳೆದೂ ಬೆಳೆದೂ ಈಗ ಮೇಷ್ಟ್ರು ಅಡುಗೆಮನೆಗೆ ಮೈ ಓರೆ ಮಾಡಿಕೊಂಡೇ ಹೋಗಬೇಕು. ಭಾನುವಾರ ಬೆಳಿಗ್ಗೆ ಬೀದಿಯ ಆರು ಜನ ಬಂದು ಅದರ ಸುತ್ತ ಕುರ್ಚಿ ಹಾಕಿಕೊಂಡು ಕೂರುತ್ತಾರೆ. "ಹೇಳ್ರೀ, ನಮ್ಮೂರಲ್ಲಿ ಏನೇನಿರ್ಬೇಕು? ಕಲ್ಪನೆಗೇನು ಕಂದಾಯ ಕಟ್ಬೇಕಾ?" ಎಂದು ಮೇಷ್ಟ್ರು ಕತ್ತರಿ ಹಿಡಿದರೆ ಮುಗಿಯಿತು. ಅಂಚೆಯವನಿಗೆ ನಾಯಿ ಅಟ್ಟಿಸಿಕೊಂಡು ಬರದ ಬೀದಿ ಬೇಕು. ಟೈಲರಮ್ಮನಿಗೆ ಮೂರನೇ ಮಹಡಿಗೂ ಹತ್ತುವ ನಲ್ಲಿ ನೀರು. ಕಂಡಕ್ಟರಿಗೆ ಎಲ್ಲರಿಗೂ ಕಿಟಕಿ ಪಕ್ಕದ ಸೀಟಿರುವ ಬಸ್ಸು. ಮೇಷ್ಟ್ರು ಯಾವುದಕ್ಕೂ ಆಗಲ್ಲ ಎಂದವರಲ್ಲ. ಒಂದೇ ಸಾಲು ಸೀಟಿನ, ಹಾವಿನಷ್ಟುದ್ದದ ಬಸ್ಸು ಮಾಡಿಯೇಬಿಟ್ಟರು. ಇದು ತಿರುವಿನಲ್ಲಿ ಹೇಗೆ ತಿರುಗುತ್ತದೆ ಎಂದು ಯಾರೋ ನಕ್ಕಾಗ, "ತಿರುವೇ ಇಲ್ದಿದ್ರಾಯ್ತು" ಎಂದು ರಸ್ತೆಯನ್ನೇ ನೆಟ್ಟಗೆ ಮಾಡಿದರು. ಊಟದ ಹೊತ್ತಾಯಿತೆಂದು ಎಲ್ಲರೂ ಎದ್ದು ಹೋದ ಮೇಲೂ ಆ ಆರು ಕುರ್ಚಿಗಳನ್ನು ಮಾತ್ರ ಮೇಷ್ಟ್ರು ಎತ್ತಿಡುವುದಿಲ್ಲ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದರಲ್ಲಿ ಕೂತು ಉಣ್ಣುತ್ತಾರೆ, ಆ ಕುರ್ಚಿಯವರ ಧಾಟಿಯಲ್ಲೇ ಒಂದೆರಡು ಮಾತೂ ಆಡುತ್ತಾರೆ. ಭಾನುವಾರ ಯಾರೂ ಕೇಳದ ಪ್ರಶ್ನೆಯನ್ನು ಬುಧವಾರ ಟೈಲರಮ್ಮನ ಕುರ್ಚಿಯಲ್ಲಿ ಕೂತು ಮೇಷ್ಟ್ರೇ ಕೇಳುತ್ತಾರೆ: "ಅಲ್ಲ ಮೇಷ್ಟ್ರೇ, ಇದ್ರಲ್ಲಿ ನಿಮ್ಮನೆ ಎಲ್ಲಿ?" ಆಮೇಲೆ ತಟ್ಟೆ ಹಿಡಿದು ಎದ್ದು, ತಮ್ಮ ಸ್ಟೂಲಿಗೆ ಬಂದು ಕೂತು, ಆ ಖಾಲಿ ಕುರ್ಚಿಗೆ ಉತ್ತರ ಕೊಡುತ್ತಾರೆ: "ಮೊದ್ಲು ನಿಮ್ದೆಲ್ಲ ಆಗ್ಲಿ ತಾಯಿ. ಜಾಗ ಉಳಿದ್ರೆ ನೋಡೋಣ."