ಸೇಬಿನ ಕೋಣೆಯಲ್ಲಿ ಮೇಪಲ್ ಗಿಡ

ಕೋಲ್ಡ್ ರೂಮಿನ ಬಾಗಿಲು ತೆಗೆದರೆ ಮೊದಲು ಮುಖಕ್ಕೆ ಬಡಿಯುವುದು ತಂಪಲ್ಲ, ಸೇಬಿನ ಪರಿಮಳ. ನನಗೆ ಅನ್ನ ಕೊಟ್ಟ ಪರಿಮಳ ಅದು. ಈಗ ಅದು ಮೂಗಿಗೆ ತಾಗಿದಾಗಲೆಲ್ಲ ಟೀಚರ್ ನೆನಪಾಗುತ್ತಾರೆ...

ಏಳನೇ ತರಗತಿಯಲ್ಲಿ ನನಗೆ ಭೂಗೋಳ ಕಲಿಸಿದವರು. ಓದು ನನಗೆ ಹತ್ತಲಿಲ್ಲ. ತಲೆ ಮೇಲೆ ಹಣ್ಣಿನ ಬುಟ್ಟಿ ಹೊತ್ತು ಶುರು ಮಾಡಿ, ಮಾಣಿ ಪೇಟೆಯಲ್ಲಿ ಹಣ್ಣಿನ ಸಗಟು ಅಂಗಡಿ, ಅದರ ಹಿಂದೆ ಸೇಬಿಗೊಂದು, ದ್ರಾಕ್ಷಿಗೊಂದು ಎಂದು ಎರಡು ಕೋಲ್ಡ್ ರೂಮು ಮಾಡಿಕೊಂಡೆ. ಟೀಚರ್ ನಿವೃತ್ತರಾದ ಮೇಲೆ ಅಲ್ಲೇ ಹತ್ತಿರದಲ್ಲಿ ಮನೆ ಕಟ್ಟಿಸಿದರು. ಆ ಅಂಗಳದಲ್ಲಿ ಅವರು ಬೆಳೆಸಲು ಹೊರಟದ್ದು ಜಪಾನೀಸ್ ಮೇಪಲ್. ಊಟಿಯ ನರ್ಸರಿಯಿಂದ ತರಿಸಿದ, ಮೊಣಕಾಲೆತ್ತರದ ಗಿಡ.

ನಮ್ಮ ಸೆಕೆಗೆ ಬದುಕುವ ಜಾತಿಯಲ್ಲ ಅದು. ಟೀಚರ್ ಬಿಡಲಿಲ್ಲ. ಬೆಳಗಿನ ಬಿಸಿಲು ಮಾತ್ರ ಬೀಳುವಂತೆ ಬಾವಿಕಟ್ಟೆಯ ಮಗ್ಗುಲಲ್ಲಿ ಕುಂಡ ಇಟ್ಟರು, ಬುಡಕ್ಕೆ ತೆಂಗಿನ ನಾರು ಹಾಸಿದರು, ಮಳೆಗಾಲದಲ್ಲಿ ಬೇರು ಕೊಳೆಯದ ಹಾಗೆ ಮೇಲೆ ತಗಡು ಕಟ್ಟಿಸಿದರು. ಆದರೂ ಇದ್ದ ಹಸಿರೆಲೆಯ ಅಂಚು ಸುಟ್ಟು, ಉದುರಿ, ಗಿಡ ಬರೀ ಕಡ್ಡಿಯಾಗಿ ನಿಂತಿತು. ಅದು ಚಿಗುರಬೇಕಾದರೆ ಒಂದು ಚಳಿಗಾಲ ದಾಟಬೇಕು ಎಂದು ಎಲ್ಲೋ ಓದಿದ ಟೀಚರ್, ಡಿಸೆಂಬರಿನಲ್ಲಿ ಕುಂಡವನ್ನು ರಿಕ್ಷಾದಲ್ಲಿ ಹಾಕಿಕೊಂಡು ಅಂಗಡಿಗೇ ಬಂದರು.

"ಎರಡು ತಿಂಗಳು ನಿನ್ನ ಕೋಲ್ಡ್ ರೂಮಿನಲ್ಲಿ ಇಡುವ. ಜಾಗ ಉಂಟಲ್ಲ?"

"ಟೀಚರ್, ಅಲ್ಲಿ ಒಂದು ಪೆಟ್ಟಿಗೆ ಇಡುವ ಜಾಗಕ್ಕೂ ಬಾಡಿಗೆ ಉಂಟು."

"ನಕ್ಷೆಯಲ್ಲಿ ಜಪಾನನ್ನು ಅರಬ್ಬಿ ಸಮುದ್ರದಲ್ಲಿ ಬಿಡಿಸಿದವ ನೀನು. ಅದನ್ನು ನಿನ್ನ ಕೆಲಸದವರಿಗೆ ಹೇಳದೆ ಇರ್ತೇನೆ. ಬಾಡಿಗೆ ಸಾಕಾ, ಮಾರಾಯ?"

ಕೆಲಸದವರು ಆಗಲೇ ನಗುತ್ತಿದ್ದರು. ನಾನು ಚೌಕಾಸಿಯಲ್ಲಿ ಅಷ್ಟು ಬೇಗ ಸೋತದ್ದು ಬೇರೆ ನೆನಪಿಲ್ಲ.

ದ್ರಾಕ್ಷಿಯ ಕೋಣೆಯ ಮೂಲೆಯಲ್ಲಿ ಇಟ್ಟೆ. ಫೆಬ್ರವರಿಯಲ್ಲಿ ಹೊರಗೆ ತೆಗೆದ ಮೇಲೆ ಗಿಡ ಚಿಗುರಿತು. ಕೋಳಿಮರಿಯ ಪಾದದಷ್ಟು ಎಲೆಗಳು, ಕಡುಗೆಂಪು. ಟೀಚರ್ ಹೇಳಿಕಳುಹಿಸಿ, ನನ್ನನ್ನು ಕರೆಸಿ ತೋರಿಸಿದರು.

"ತಂಪು ದೇಶದ ಮರಗಳ ಪಾಠ ಪ್ರತಿ ವರ್ಷ ಮಾಡಿದ್ದೇನೆ. ಕೆಂಪು ಎಲೆ ಕಣ್ಣಾರೆ ನೋಡಿದ್ದು ಈಗ."

ಎಲೆಯನ್ನು ಮುಟ್ಟಲೂ ಅವರಿಗೆ ಹೆದರಿಕೆ...

ಮುಂದಿನ ಡಿಸೆಂಬರಿನಲ್ಲೂ, ಎಲೆ ಉದುರಿದ ಮೇಲೆ, ಕುಂಡ ಬಂತು. ಆ ಸಲ ನಮ್ಮ ರಂಜಾನ್ ಹತ್ತಿರವಿತ್ತು. ಮೂಡುಬಿದಿರೆಯ ಹಾಸ್ಟೆಲುಗಳ ಆರ್ಡರೂ ಸೇರಿ ಲೋಡಿನ ಮೇಲೆ ಲೋಡು. ದ್ರಾಕ್ಷಿ ಕೋಣೆಯ ಮೂಲೆ ಬೇಕಾಯಿತು. ಕುಂಡವನ್ನು ಪಕ್ಕದ ಕೋಣೆಗೆ, ಸೇಬಿನ ಪೆಟ್ಟಿಗೆಗಳ ನಡುವೆ ತಂದೆ.

ಹಣ್ಣಿನ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವ ಮಾತು, ಸೇಬನ್ನು ಯಾವುದರ ಜೊತೆಗೂ ಇಡಬೇಡಿ. ಅದರಿಂದ ಹೊರಡುವ ಗಾಳಿಗೆ ಬಾಳೆಕಾಯಿ ಹಣ್ಣಾಗುತ್ತದೆ, ಸೊಪ್ಪು ಹಳದಿಯಾಗುತ್ತದೆ. ನೀವೂ ಫ್ರಿಜ್ಜಿನಲ್ಲಿ ಕೊತ್ತಂಬರಿಯನ್ನು ಸೇಬಿನಿಂದ ದೂರ ಇಡಿ. ಇಷ್ಟೆಲ್ಲ ಗೊತ್ತಿದ್ದ ನಾನು ಅಂದು ಕುಂಡ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತೆ. ಒಣಕಡ್ಡಿಗೆ ಏನಾಗುತ್ತದೆ ಎಂದುಕೊಂಡೆ. ಬಾಗಿಲು ಹಾಕಿದೆ.

ಆ ಸಲ ಗಿಡ ಚಿಗುರಲಿಲ್ಲ. ಮೊಗ್ಗುಗಳು ಒಣಗಿ, ಮುಟ್ಟಿದರೆ ಉದುರುತ್ತಿದ್ದವು. ಕಾದು ಕಾದು ಟೀಚರ್ ಉಗುರಿನಿಂದ ತೊಗಟೆ ಕೆರೆದು ನೋಡಿದರು. ಒಳಗೆ ಹಸಿರಿರಲಿಲ್ಲ.

"ನಾನೇ ನೀರು ಹೆಚ್ಚು ಹಾಕಿದೆನಾ ಏನೋ..."

ತಡೆಯಲಾಗದೆ ಸೇಬಿನ ವಿಷಯ ಹೇಳಿದೆ. ಟೀಚರ್ ಪೂರ್ತಿ ಕೇಳಿಸಿಕೊಂಡರು.

"ಇದು ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಟೀಚರ್. ಆದರೆ ಆಗ ನೆನಪಿಗೆ ಬರಲಿಲ್ಲ."

"ಹಾಗೇ ಅದು. ಓದಿದ್ದು ಪರೀಕ್ಷೆಯ ಹೊತ್ತಿಗೆ ನೆನಪಾಗುದಿಲ್ಲ. ಬೇಜಾರು ಮಾಡ್ಬೇಡ. ಬರುವ ವರ್ಷ ಇನ್ನೊಂದು ತರಿಸುವ."

ನನ್ನನ್ನು ಪಾಸು ಮಾಡಿಬಿಟ್ಟರು. ನೆನಪಿಗೆ ಬಂದಿತ್ತು ಟೀಚರ್, ಬಂದೇ ಇತ್ತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹೊಸ ಗಿಡ ಬರಲಿ, ಅದು ಚಿಗುರಲಿ, ಆಗ ಹೇಳುವ ಎಂದು ಮುಂದೂಡಿದೆ. ಆ ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಮತ್ತೆ ಡಿಸೆಂಬರ್ ಬಂದಿದೆ. ಮೊನ್ನೆ ಲೋಡು ಇಳಿಸುವವ ದ್ರಾಕ್ಷಿ ಕೋಣೆಯಿಂದ ಕೂಗಿದ, "ಧಣಿ, ಈ ಮೂಲೆಯಲ್ಲಿ ಇನ್ನೂ ಪೆಟ್ಟಿಗೆ ಹಿಡೀತದೆ. ಇಡುವನಾ?"

"ಬೇಡ" ಎಂದೆ.

ಅವನು ಹೊರಗೆ ಬಂದು ನನ್ನ ಮುಖ ನೋಡಿದ. ಒಂದಂಗುಲ ಜಾಗವನ್ನೂ ಖಾಲಿ ಬಿಡಬಾರದು, ಕರೆಂಟು ದಂಡ ಎಂದು ಅವನಿಗೆ ಕಲಿಸಿದವನು ನಾನೇ. ನಾನು ಬಾಗಿಲು ಎಳೆದುಕೊಂಡೆ. ಒಳಗೆ ಒಂದು ಕುಂಡದಷ್ಟು ಜಾಗ ಸುಮ್ಮನೆ ತಣ್ಣಗಾಗುತ್ತಿದೆ...